ಮಡಚದ ಬೆರಳು

ಕೊಳ್ಳೇಗಾಲದ ಮಗ್ಗದ ಬೀದಿಯಲ್ಲಿ, ರಸ್ತೆಯ ಆಚೆ ಬದಿಗೆ ನಿಂತು ಮಾಂಬಳ್ಳಿಯ ಶಾಂತಮೂರ್ತಿ ಮೂರು ಬೆರಳು ಎತ್ತಿ ತೋರಿಸಿದ. ತಮ್ಮಿಬ್ಬರ ಮದುವೆಗೆ ಇನ್ನು ಮೂರೇ ತಿಂಗಳು ಅನ್ನುತ್ತಿದ್ದಾನೆ ಎಂದುಕೊಂಡ ಮಂಗಳ, ನಾಚುತ್ತಲೇ ಲಾಳಿ ಬಿಟ್ಟು ಹೊರಬಂದಳು.

"ಅಲ್ಲೇ ನಿಂತ್ಕೊ, ಹತ್ರ ಬರ್ಬ್ಯಾಡ." ಅವನ ಮುಖಕ್ಕೆ ಮಾಸ್ಕ್ ಇತ್ತು. "ಕೆಮ್ಮು ಅಂತ ಆಸ್ಪತ್ರೆಗೆ ಓಗಿದ್ನಲ್ಲ, ಟಿ.ಬಿ. ಅಂತೆ. ಕಫದ ರಿಪೋರ್ಟಲ್ಲಿ ಮೂರು ಪ್ಲಸ್."

"ಪ್ಲಸ್ ಅಂದ್ರೆ ಒಳ್ಳೇದಲ್ವಾ?"

"ಇಸ್ಕೂಲಲ್ಲಿ ಒಳ್ಳೇದು. ಇದ್ರಲ್ಲಿ ಪ್ಲಸ್ ಜಾಸ್ತಿ ಆದಷ್ಟೂ ಕ್ರಿಮಿ ಜಾಸ್ತಿ. ಮೂರಕ್ಕಿಂತ ಮೇಲೆ ಇಲ್ವಂತೆ."

"ಇದ್ರಲ್ಲೂ ಫಸ್ಟೇ ಬಂದ್ರಾ?"

ಮಾಸ್ಕಿನ ಮೇಲೆ ಅವನ ಕಣ್ಣೆರಡೂ ನಕ್ಕವು. ಅವಳ ಕಣ್ಣು ಮಾತ್ರ ತುಂಬಿತು.

"ಪ್ರತಿ ಟೆಸ್ಟ್ ಆದ್ಮೇಲೂ ಬಂದು ಬೆರಳು ತೋರಿಸ್ತೀನಿ. ನೆಗೆಟಿವ್ ಬರೋಗಂಟ ಮದ್ವೇನೂ ಬ್ಯಾಡ, ಈ ರಸ್ತೇನೂ ದಾಟಲ್ಲ ಕಣೇ ಮಂಗಳ."

ಅವಳನ್ನು ಸಾಕಿದ ಅತ್ತೆ ಚನ್ನಾಜಮ್ಮ ಅಂದೇ ಶುರುಮಾಡಿದಳು. "ಮಾತು ಮುರ್ಕೊಳವ್ವ. ಗಂಡಿಗೇನು ಬರವಾ?"

ಮಂಗಳ ತಲೆ ತಗ್ಗಿಸಿ ಮಗ್ಗದಲ್ಲಿ ಲಾಳಿ ಓಡಿಸುತ್ತಲೇ ಇದ್ದಳು.

ಮುಂದಿನ ಸಲ ಎರಡು ಬೆರಳು. ಅದರ ಮುಂದಿನ ಸಲವೂ ಎರಡೇ. ಬಾಗಿಲಲ್ಲಿದ್ದ ಚನ್ನಾಜಮ್ಮ ಬೀದಿಗೆಲ್ಲ ಕೇಳುವಂತೆ ಅಂದಳು: "ನೋಡ್ದಾ? ಇಳೀತಾನೇ ಇಲ್ಲ!"

ಎಂದೂ ದನಿ ಏರಿಸದ ಹುಡುಗಿ ಅಂದು ಏರಿಸಿದಳು.

"ಒಂದ್ ಬೆರಳು ಮಡಚಿದ್ರೆ ನಿಮ್ಗೆ ಗೊತ್ತಾಯ್ತಿತ್ತಾ ಅತ್ತೆ? ನನ್ಗೂ ಗೊತ್ತಾಯ್ತಿರ್ಲಿಲ್ಲ. ಅವ್ರು ಮಡಚ್ನಿಲ್ಲ. ಇಂಥ ಗಂಡು ಈ ಬೀದೀಲಿ ಇನ್ಯಾರವ್ರೆ, ತೋರ್ಸಿ ನೋಡಾನ!"

ಮಗ್ಗಗಳ ಸದ್ದು ನಿಂತಿತು. ಆಚೆ ಬದಿಯಲ್ಲಿ ಶಾಂತಮೂರ್ತಿ, ಎತ್ತಿದ ಎರಡು ಬೆರಳು ಇಳಿಸುವುದನ್ನೇ ಮರೆತು ನಿಂತಿದ್ದ.

ಡಾಕ್ಟರು ಗುಳಿಗೆ ಬದಲಿಸಿದರು. ಎರಡು ಒಂದಾಯಿತು.

ಆಮೇಲೆ ಒಂದು ಬೆಳಿಗ್ಗೆ ಅವನು ಬಂದು ಬರೀ ಮುಷ್ಟಿ ಎತ್ತಿದ. ಮಂಗಳ ಉಸಿರು ಹಿಡಿದು ಕಾದಳು. ಒಂದು ಬೆರಳೂ ಮೇಲೇಳಲಿಲ್ಲ.

"ದಾಟ್ಲಾ?" ಎಂದ.

"ಬ್ಯಾಡ, ನಿಂತ್ಕಳಿ."

ಬೀದಿಯೆಲ್ಲ ನೋಡುತ್ತಿರುವಾಗಲೇ ಅವಳು ತಲೆಯೆತ್ತಿ ತಾನೇ ರಸ್ತೆ ದಾಟಿದಳು. ಅವನ ಮುಷ್ಟಿಯನ್ನು ಒಂದೊಂದೇ ಬೆರಳಾಗಿ ಬಿಡಿಸಿ, ಖಾಲಿ ಅಂಗೈಯಲ್ಲಿ ತನ್ನ ಕೈಯಿಟ್ಟಳು.

"ಮದ್ವೆಗೆ ಮುಂಚೇನೇ ಕೈ ಇಡ್ಕಂಡವ್ಳಲ್ಲ! ಜನ ನೋಡ್ತಾವ್ರೆ ಕಣೇ!" ಹಿಂದಿನಿಂದ ಚನ್ನಾಜಮ್ಮನ ಕೂಗು. ಅದರಲ್ಲಿ ಸಿಟ್ಟಿಗಿಂತ ನಗುವೇ ಹೆಚ್ಚಿತ್ತು.

"ನೋಡ್ಲಿ ಬುಡಿ ಅತ್ತೆ," ಎಂದಳು ಮಂಗಳ, ಕೈ ಬಿಡದೆ.