ಕೆಂಪಾದ ಹೊಳೆ

ಬೆಳಗ್ಗೆ ಏಳೂವರೆಗೆ ಹೊಳೆ ಕೆಂಪಗೆ ಹರಿಯುತ್ತಿತ್ತು. ದಡದಲ್ಲಿ ಸತ್ತ ಮೀನು. ಕೆಂಪು ಶುರುವಾಗಿದ್ದು ಅಕ್ಕನ ಬಣ್ಣದ ಶೆಡ್ಡಿನ ಕೊಳವೆಯ ಬಳಿಯಿಂದ.

ಬೀದಿಗೆಲ್ಲ ಆಕೆ ಅಕ್ಕ. ಹನ್ನೊಂದು ಹೆಂಗಸರನ್ನು ಕಟ್ಟಿಕೊಂಡು ಬಟ್ಟೆಗೆ ಬಣ್ಣ ಹಾಕುತ್ತಿದ್ದಳು. ಬಳಸಿದ ನೀರನ್ನು ಮರಳು, ಇದ್ದಿಲಿನಲ್ಲಿ ಸೋಸಿ, ತಿಳಿಯಾದ ಮೇಲೇ ಹೊಳೆಗೆ ಬಿಡುತ್ತಿದ್ದಳು. ಅದನ್ನು ಮೆಚ್ಚಿ, ಶಾಲೆಗಳ ಸಮವಸ್ತ್ರದ ಕೆಲಸ ಕೊಡಲು ಖರೀದಿ ಅಧಿಕಾರಿ ಅಂದು ಹನ್ನೊಂದಕ್ಕೆ ಬರುವವರಿದ್ದರು.

"ನಾನೇ ಕಣ್ಣಾರೆ ಕಂಡೆ," ಎಂದ ಆಚೆ ದಡದ ದೊಡ್ಡ ಬಟ್ಟೆ ಗಿರಣಿಯ ಮ್ಯಾನೇಜರ್. "ಏಳು ಗಂಟೆಗೆ ಆ ಕೊಳವೆಯಿಂದ ಭರ್ರಂತ ಸುರೀತಿತ್ತು. ಬೀಗ ಹಾಕ್ಸಿ ಸಾರ್."

ದೂರು ಕೇಳಿ ಬಂದಿದ್ದ ಪೊಲೀಸ್ ಇನ್‌ಸ್ಪೆಕ್ಟರ್ ಕೊಳವೆಯೊಳಗೆ ಬೆರಳಾಡಿಸಿದರು. ಒಣ ಧೂಳು. ಹೊರಗಿನ ಅಂಚಿಗೆ ಮಾತ್ರ ಕೆಂಪು.

"ನಿನ್ನೆ ಇಲ್ಲಿಗೆ ಯಾರಾದ್ರೂ ಬಂದಿದ್ರಾ?"

ಅಕ್ಕ ತಲೆ ತಗ್ಗಿಸಿದಳು. ಪಕ್ಕದ ಅಂಗಡಿಯ ದರ್ಜಿ ಬಾಯಿಬಿಟ್ಟ: "ಸಂಜೆ ಇವರ ತಮ್ಮ ಬಂದಿದ್ದ. ಚೀಲದಲ್ಲಿ ಏನೋ ಹೊತ್ಕೊಂಡು ಹೋದ."

ತಮ್ಮ ಅದೇ ಗಿರಣಿಯ ಮೆಕ್ಯಾನಿಕ್. ಗುಂಪಿನಲ್ಲಿ ಗುಸುಗುಸು ಎದ್ದಿತು.

*

ತಮ್ಮನ ಮನೆಯ ನೆಲದ ಮೇಲೆ ಅಕ್ಕನ ಶೆಡ್ಡಿನ ಪಂಪು ಬಿಚ್ಚಿ ಹರಡಿತ್ತು.

"ಬೇರಿಂಗ್ ಹೋಗಿತ್ತು ಸಾರ್. ರಿಪೇರಿಗೆ ತಂದೆ. ಗಿರಣಿಯವ್ರಿಗೆ ಗೊತ್ತಾದ್ರೆ ನನ್ನ ಕೆಲಸಕ್ಕೆ ಕುತ್ತು ಅಂತ ಅಕ್ಕ ಬಾಯಿ ಬಿಟ್ಟಿಲ್ಲ."

"ಪಂಪಿಲ್ದೆ ನೀರು ಕೊಳವೆಗೆ ಹೋಗುತ್ತಾ?"

"ಹೇಗೆ ಹೋಗುತ್ತೆ? ತೊಟ್ಟಿ ಇರೋದು ತಗ್ಗಿನಲ್ಲಿ."

*

ಹನ್ನೊಂದಕ್ಕೆ ಅಧಿಕಾರಿ ಬಂದಾಗ ಬೀದಿಯೆಲ್ಲ ಅಲ್ಲೇ ನೆರೆದಿತ್ತು. ಇನ್‌ಸ್ಪೆಕ್ಟರ್ ಮ್ಯಾನೇಜರ್‌ನ ಕಾರಿನ ಡಿಕ್ಕಿ ತೆಗೆಸಿದರು. ಎರಡು ಖಾಲಿ ಕ್ಯಾನು. ತಳದಲ್ಲಿ ಕೆಂಪು.

"ನಿನ್ನೆ ಸಂಜೆಯಿಂದ ಇಲ್ಲಿ ಪಂಪೇ ಇಲ್ಲ. ಕೊಳವೆ ಒಳಗೆಲ್ಲ ಒಣಗಿದೆ. ಆದ್ರೂ ಏಳು ಗಂಟೆಗೆ ಸುರೀತಿತ್ತು ಅಂದ್ರಿ. ಹೌದು, ಸುರೀತಿತ್ತು. ಸುರಿದವರು ನೀವು, ಹೊರಗಿಂದ."

"ಇಷ್ಟು ಚಿಕ್ಕ ಶೆಡ್ಡಿನ ಮೇಲೆ ನನಗೇನು ಹೊಟ್ಟೆಕಿಚ್ಚು?"

"ಚಿಕ್ಕದಾಗಿದ್ದೇ ನಿಮಗೆ ತೊಂದ್ರೆ. ಇವರ ಕೈಲಿ ನೀರು ಸೋಸೋಕೆ ಆಗೋದಾದ್ರೆ ಅಷ್ಟು ದೊಡ್ಡ ಗಿರಣಿಗೆ ಯಾಕಾಗಲ್ಲ ಅಂತ ಊರು ಕೇಳುತ್ತಲ್ಲ."

ಮ್ಯಾನೇಜರ್ ಪೊಲೀಸ್ ಜೀಪು ಹತ್ತಿದ.

ಅಧಿಕಾರಿ ಅಕ್ಕನ ಕಡೆ ತಿರುಗಿದರು. "ಅಷ್ಟೂ ಕೆಲಸ ನಿಮಗೇ."

ಅಕ್ಕ ಕಣ್ಣೊರೆಸಿಕೊಂಡಳು. "ಅಷ್ಟೂ ನಮ್ಮ ಕೈಲಾಗಲ್ಲ ಸಾರ್. ಈ ಬೀದೀಲಿ ಬಣ್ಣ ಹಾಕೋರು ಇನ್ನೂ ಮೂರು ಜನ ಇದ್ದಾರೆ. ಹಂಚ್ಕೋತೀವಿ. ಆದ್ರೆ ಅವರೂ ನಮ್ಮ ಹಾಗೆ ನೀರು ಸೋಸಿಯೇ ಬಿಡಬೇಕು. ತೊಟ್ಟಿ ಕಟ್ಟೋದು ನಾನು ಹೇಳಿಕೊಡ್ತೀನಿ. ಯಾರ್ಯಾರು ಬರ್ತೀರಿ?"

ಗುಂಪಿನ ಹಿಂದಿನಿಂದ ಮೂರು ಕೈಗಳು ಮೇಲೆದ್ದವು.