ಹದಿನಾಲ್ಕನೇ ತಾರೀಖಿನ ಕೊನೆಯ ಮನೆ

ಏಪ್ರಿಲ್ ಹದಿನಾಲ್ಕರ ಬೆಳಗ್ಗೆ ಮಿನೆಕೊ ಅಂಗಡಿಯ ಶಟರ್ ಎತ್ತಿದಾಗ, ಎದುರಿನ ಇಳಿಜಾರಿನಲ್ಲಿ ಬೈಕೊಂದು ಸದ್ದಿಲ್ಲದೆ ಇಳಿದು ಬರುತ್ತಿತ್ತು. ಇಂಜಿನ್ನಿನ ಸದ್ದಿಲ್ಲ, ಕರಗಿದ ಹಿಮದ ನೀರಿನಲ್ಲಿ ಟೈರುಗಳ ಸರಸರ ಮಾತ್ರ. ಅದನ್ನು ತಳ್ಳಿಕೊಂಡು ಬರುತ್ತಿದ್ದವನು ಗುಡ್ಡದ ಮೇಲಿನ ಬೌದ್ಧ ಗುಡಿಯ ಅರ್ಚಕ ಎಶುನ್. ಕಪ್ಪು ನಿಲುವಂಗಿಯ ತೋಳುಗಳನ್ನು ದಾರದಿಂದ ಎತ್ತಿ ಕಟ್ಟಿದ್ದ. ಕ್ಷೌರ ಮಾಡಿದ ತಲೆಯಿಂದ ಆ ಚಳಿಯಲ್ಲೂ ಹಬೆ ಏಳುತ್ತಿತ್ತು.

"ಏನ್ ಗುರುಗಳೇ, ಬೈಕನ್ನ ವಾಕಿಂಗ್ ಕರ್ಕೊಂಡ್ ಬಂದ್ರಾ?"

"ನಗಬೇಡಿ ಮಿನೆಕೊ ಅವ್ರೇ. ಬಟನ್ ಒತ್ತಿದ್ರೆ ಟಕ್ ಅನ್ನತ್ತೆ, ಆಮೇಲೆ ಮೌನವ್ರತ."

ಹೊಕ್ಕೈಡೊದ ಆ ಬಂದರಿನ ಊರಿನಲ್ಲಿ ನವೆಂಬರಿನಲ್ಲಿ ಮಲಗಿದ ಬೈಕುಗಳು ಏಳುವುದು ಏಪ್ರಿಲಿಗೆ. ಆ ಐದು ತಿಂಗಳು ಬ್ಯಾಟರಿ ಬಿಚ್ಚಿ ಮನೆಯೊಳಗಿಡಬೇಕು, ತಿಂಗಳಿಗೊಮ್ಮೆ ಚಾರ್ಜ್ ಮಾಡಬೇಕು. ಮಿನೆಕೊ ಪ್ರತಿ ಶರತ್ಕಾಲದಲ್ಲೂ ಗಿರಾಕಿಗಳಿಗೆ ಇದನ್ನೇ ಪಾಠ ಒಪ್ಪಿಸುತ್ತಿದ್ದಳು. ಅವಳ ಅಪ್ಪನೂ ಇದೇ ಅಂಗಡಿಯಲ್ಲಿ ನಿಂತು ಅದನ್ನೇ ಒಪ್ಪಿಸುತ್ತಿದ್ದ.

"ನಾನು ಹೇಳಿದ್ ಹಾಗೆ ಬಿಚ್ಚಿ ಒಳಗಿಟ್ರಿ ತಾನೇ?"

"ಇಟ್ಟೆ. ತಣ್ಣಗಿರೋ ಓಣಿಯಲ್ಲೇ ಇಟ್ಟಿದ್ದೆ. ಆದ್ರೆ..." ಎಶುನ್ ತಲೆ ಸವರಿಕೊಂಡ. "ಅಮ್ಮ ನೋಡಿ, ಪಾಪ ಇದಕ್ಕೆ ಚಳಿ ಆಗತ್ತೆ ಅಂತ ಶಾಲು ಸುತ್ತಿ ಕೊತಾತ್ಸು ಒಳಗಿಟ್ಟುಬಿಟ್ಟಿದಾರೆ. ಚಾರ್ಜ್ ಮಾಡೋದು ನಾನೂ ಮರೆತುಬಿಟ್ಟಿದ್ದೆ, ಗೊತ್ತಾಗಿದ್ದು ನಿನ್ನೆ. ಐದು ತಿಂಗಳು ನನ್ನ ಕಾಲಿಗೆ ಏನೋ ತಾಗ್ತಾನೇ ಇತ್ತು. ಬೆಕ್ಕು ಅನ್ಕೊಂಡಿದ್ದೆ."

ಮಿನೆಕೊ ತಡೆಯಲಾರದೆ ನಕ್ಕಳು. ಕೆಳಗೆ ಹೀಟರು, ಮೇಲೆ ರಜಾಯಿ ಇರುವ ಆ ಮೇಜಿನಡಿ ಎಂಬತ್ತೆರಡರ ತೋಕಿ ಅಮ್ಮ ಬ್ಯಾಟರಿಯನ್ನು ಮೊಮ್ಮಗುವಿನ ಹಾಗೆ ಸಾಕಿದ್ದರು. ಬಿಸಿಗೆ ಒಳಗಿನ ನೀರು ಆರಿತ್ತು. ತಗಡುಗಳ ಮೇಲೆ ಬಿಳಿ ಪುಡಿ ಕೂತಿತ್ತು. ಮೀಟರ್ ಹಿಡಿದರೆ, ಹನ್ನೆರಡು ದಾಟಬೇಕಿದ್ದ ಮುಳ್ಳು ಹತ್ತೂವರೆ ವೋಲ್ಟಿಗೆ ನಿಂತಿತು.

"ಸತ್ತೇ ಹೋಗಿದೆಯಾ?"

"ಆ ಮಾತು ನೀವು ಇಷ್ಟು ಬೇಗ ಆಡಬಾರ್ದಪ್ಪ. ಜೀವ ಇದೆ." ಅವಳು ಮುಚ್ಚಳಗಳನ್ನು ಒಂದೊಂದಾಗಿ ತಿರುಗಿಸಿ ಶುದ್ಧ ನೀರು ತುಂಬಿದಳು. "ಒಂದೇ ಸಲಕ್ಕೆ ಜೋರಾಗಿ ಕರೆಂಟ್ ಕೊಟ್ರೆ ಹಾಳಾಗತ್ತೆ. ನಿಧಾನಕ್ಕೆ ಕುಡಿಸ್ಬೇಕು. ಸಂಜೆ ಆರಾಗತ್ತೆ."

"ಆರಾ? ಇವತ್ತು ಏಳು ಮನೆ ಇದೆ. ಬೈಕು ಎದ್ದೇ ಏಳತ್ತೆ ಅಂತ ಕಾರನ್ನೂ ಮೊನ್ನೆ ರಿಪೇರಿಗೆ ಕೊಟ್ಟುಬಿಟ್ಟೆ."

ಆ ಸೀಮೆಯಲ್ಲಿ ತಿಥಿ ವರ್ಷಕ್ಕೊಮ್ಮೆ ಅಲ್ಲ, ತಿಂಗಳಿಗೊಮ್ಮೆ. ಮನೆಯವರು ತೀರಿಕೊಂಡ ತಾರೀಖಿಗೆ ಪ್ರತಿ ತಿಂಗಳೂ ಅರ್ಚಕ ಬಂದು, ಸತ್ತವರ ಹೆಸರಿನ ಫಲಕವಿಟ್ಟ ಮರದ ದೇವರಗೂಡಿನ ಮುಂದೆ ಪದ್ಯಗಳನ್ನು ಹಾಡಿ, ಒಂದು ಲೋಟ ಟೀ ಕುಡಿದು ಹೋಗುತ್ತಾನೆ. ಏಳು ಮನೆಗಳಲ್ಲಿ ಕೊನೆಯದು ಮಿನೆಕೊಳದು. ಅವಳಪ್ಪ ಹೋಗಿದ್ದು ಮೂರು ವರ್ಷದ ಹಿಂದೆ, ಒಂದು ಹದಿನಾಲ್ಕನೇ ತಾರೀಖು.

ಎಲ್ಲರ ಮನೆಯೂ ಮುಗಿದ ಮೇಲೆ, ಬೆಳಕು ಇಳಿಯುವ ಹೊತ್ತಿಗೆ ತಮ್ಮನೆ. ಗಂಡನನ್ನು ಬಿಟ್ಟು ಬಂದ ಮಗಳ ಮನೆಗೆ ಇಷ್ಟೇ ಮರ್ಯಾದೆ ಇರಬೇಕು ಎಂದು ಮಿನೆಕೊ ಒಳಗೊಳಗೇ ನೊಂದುಕೊಂಡಿದ್ದಳು. ಆದರೂ ಹದಿಮೂರರ ರಾತ್ರಿಯೇ ಲೋಟ ತೊಳೆದಿಡುತ್ತಿದ್ದಳು.

ಇವತ್ತು ಅವನಿಗೆ ಒಂದು ವಿಷಯ ಹೇಳುವುದಿತ್ತು. ಅಣ್ಣ ಸಪ್ಪೊರೊದಲ್ಲಿ ಮನೆ ಕಟ್ಟಿಸಿದ್ದ. ಹಿರಿಮಗನ ಮನೆಯಲ್ಲೇ ದೇವರಗೂಡು ಇರಬೇಕು ಎಂದು ಇಪ್ಪತ್ತೊಂಬತ್ತಕ್ಕೆ ವ್ಯಾನ್ ತರುತ್ತಿದ್ದ. ಗೂಡು ಹೋದರೆ ಅರ್ಚಕ ಬರುವುದಕ್ಕೆ ಕಾರಣವೂ ಹೋಯಿತು. ಫೋನಿನಲ್ಲಿ "ಆಯ್ತಣ್ಣ" ಎಂದವಳು, ಅದನ್ನು ಎಶುನನಿಗೆ ಹೇಗೆ ಹೇಳಲಿ ಎಂದು ಎರಡು ವಾರದಿಂದ ಮಾತು ಜೋಡಿಸುತ್ತಿದ್ದಳು.

"ಹತ್ತಿ," ಎಂದಳು, ಪುಟ್ಟ ಟ್ರಕ್ಕಿನ ಬಾಗಿಲು ತೆರೆದು. "ನಾನೇ ಬಿಡ್ತೀನಿ, ಏಳೂ ಮನೆಗೆ."

*

ಟ್ರಕ್ಕಿನಲ್ಲಿ ಗ್ರೀಸಿನ ವಾಸನೆಯೂ ಅವನ ಬಟ್ಟೆಯ ಧೂಪದ ವಾಸನೆಯೂ ಬೆರೆತವು. ಗೇರ್ ಹಾಕುವಾಗ ಅವನ ತೋಳಿಗೆ ಅವಳ ಮೊಣಕೈ ತಾಕಿತು. ಇಬ್ಬರೂ ಒಟ್ಟಿಗೆ ಸಮುದ್ರದ ಕಡೆ ನೋಡಿದರು.

"ಹಿಂದೆ ನಾನು ಓಡಿಸ್ತಿದ್ದೆ, ನೀವು ಹಿಂದೆ ಕೂರ್ತಿದ್ರಿ," ಎಂದ ಅವನು.

"ಓಡಿಸ್ತಿದ್ರೋ, ಊಳಿಡ್ತಿದ್ರೋ!"

ಇಬ್ಬರಿಗೂ ಹತ್ತೊಂಬತ್ತು ವಯಸ್ಸಾಗಿದ್ದ ಬೇಸಿಗೆ ಅದು. ಗುಡಿಯಲ್ಲಿ ಹಾಡು ತಪ್ಪಿದರೆ ಅವನಪ್ಪ ಕೋಲಿನಿಂದ ನೆಲ ಕುಟ್ಟುತ್ತಿದ್ದ. ಅದಕ್ಕೇ ಎಶುನ್ ಅಭ್ಯಾಸ ಮಾಡುತ್ತಿದ್ದುದು ಬೈಕಿನ ಮೇಲೆ, ಕಡಲ ರಸ್ತೆಯಲ್ಲಿ. ತಪ್ಪುಗಳನ್ನೆಲ್ಲ ಗಾಳಿ ಒಯ್ಯುತ್ತಿತ್ತು. ಹಿಂದೆ ಕೂತ ಮಿನೆಕೊ ಪುಸ್ತಕ ಹಿಡಿದು, ಸ್ವರ ಜಾರಿದಾಗ ಅವನ ಬೆನ್ನಿಗೆ ಬೆರಳಿನಿಂದ ತಟ್ಟುತ್ತಿದ್ದಳು. ಆಗಸ್ಟ್ ಮುಗಿಯುವಷ್ಟರಲ್ಲಿ ಅವನಿಗಿಂತ ಮೊದಲು ಅವಳಿಗೇ ಎಲ್ಲ ಬಾಯಿಪಾಠವಾಗಿತ್ತು. ತಟ್ಟುವುದಕ್ಕೆ ತಪ್ಪೇ ಸಿಗದ ದಿನ, ಸುಮ್ಮನೆ ಅಂಗೈಯನ್ನು ಅವನ ಬೆನ್ನ ಮೇಲಿಟ್ಟಿದ್ದಳು. ಅವನು ಮುಂದಿನ ಸಾಲು ಮರೆತಿದ್ದ.

ಆಮೇಲೆ ಅವನು ಓದಲು ಕ್ಯೋಟೊಗೆ ಹೋದ. ಆರು ವರ್ಷ ಕಳೆದು ಬಂದಾಗ ಅವಳು ಅಸಹಿಕಾವದಲ್ಲಿ ಯಾರದೋ ಹೆಂಡತಿ. ಹನ್ನೊಂದು ವರ್ಷಕ್ಕೆ ಅದೂ ಮುರಿದು ಊರಿಗೆ ಬಂದಾಗ, "ಗುರುಗಳೇ" ಎಂದು ಕೈಮುಗಿಯುವಷ್ಟು ದೂರ ಇಬ್ಬರ ನಡುವೆ ಬೆಳೆದಿತ್ತು. ಆ ಗುಡಿಯ ಅರ್ಚಕರು ಸಂಸಾರಸ್ಥರೇ, ಆದರೂ ಅವನು ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಹಕ್ಕು ತನಗಿಲ್ಲ ಎಂದು ಅವಳು ಕೇಳಿರಲಿಲ್ಲ. ಈಗ ಇಬ್ಬರಿಗೂ ಐವತ್ತರ ಅಂಚು.

*

ಐದು ಮನೆಗಳಲ್ಲಿ ಮಿನೆಕೊ ಅವನ ಹಿಂದೆ ಮೊಣಕಾಲೂರಿ ಕೂತು ಕೇಳಿದಳು. ಒಂದೇ ಪದ್ಯ, ಆದರೆ ಮನೆಮನೆಗೂ ಅದರ ಬಣ್ಣ ಬೇರೆ. ಮಗುವನ್ನು ಕಳೆದುಕೊಂಡ ಮನೆಯಲ್ಲಿ ಅವನ ದನಿ ನೆಲಕ್ಕೆ ಹತ್ತಿರ ಹರಿಯಿತು. ಮೀನುಗಾರನ ಮನೆಯಲ್ಲಿ ಅಲೆಯ ಹಾಗೆ ಎದ್ದು ಬಿತ್ತು. ಕಣ್ಣು ಮುಚ್ಚಿ ಕೇಳುತ್ತಿದ್ದ ಅವಳಿಗೆ ಇನ್ನು ಎರಡೇ ಮನೆ, ಆಮೇಲೆ ಇದಿಲ್ಲ ಅನಿಸಿತು.

ಆರನೆಯದು ಸುಗಿ ಅಜ್ಜಿಯ ಮನೆ. ಅಜ್ಜಿ ಬಾಗಿಲಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಏನೇ ಇದು, ಬೈಕು ರಿಪೇರಿಯವಳು ಗುರುಗಳನ್ನೂ ರಿಪೇರಿಗೆ ತಗೊಂಡ್ಯಾ?"

"ಬ್ಯಾಟರಿ ಹೋಗಿದೆ ಅಜ್ಜಿ."

"ಯಾರದು?"

ಎಶುನ್ ಕೆಮ್ಮಿ ನೇರ ದೇವರಗೂಡಿಗೆ ನಡೆದ. ಹಾಡು ಮುಗಿದು ಅವನು ಕೈ ತೊಳೆಯಲು ಹೋದಾಗ ಅಜ್ಜಿ ಉಪ್ಪಿನಲ್ಲಿಟ್ಟ ಮೂಲಂಗಿಯ ತಟ್ಟೆಯನ್ನು ಮಿನೆಕೊಳತ್ತ ತಳ್ಳಿದಳು.

"ನನ್ ಗಂಡ ಸತ್ತು ಇಪ್ಪತ್ತು ವರ್ಷ ಆಯ್ತು. ಮೊದಲಿಂದ್ಲೂ ನಮ್ಮನೇನೇ ಕೊನೇದು. ಗುರುಗಳು ಸಂಜೆ ತನಕ ಕೂತು ಹರಟೆ ಹೊಡೀತಿದ್ರು. ನಿಮ್ಮಪ್ಪ ಹೋದ ಮೇಲೆ ಬಂದು, 'ಅಜ್ಜಿ, ನಿಮ್ಮನೆಗೆ ಒಂದು ಮನೆ ಮೊದ್ಲೇ ಬರ್ಲಾ?' ಅಂದ್ರು. ಯಾಕ್ರೀ ಅಂದೆ. ಕೊನೆ ಮನೇಲಿ ಎದ್ದು ಹೋಗೋ ಅವಸರ ಇರಲ್ಲ ಅಜ್ಜಿ, ಅಂದ್ರು." ಅಜ್ಜಿ ಮೂಲಂಗಿ ಕಡಿದಳು. "ಇಷ್ಟು ವಯಸ್ಸಾದ ಗಂಡಸಿಗೂ ಕಿವಿ ಇಷ್ಟು ಕೆಂಪಾಗತ್ತೆ ಅಂತ ಅವತ್ತೇ ಗೊತ್ತಾಗಿದ್ದು ನಂಗೆ."

ಮಿನೆಕೊಳ ಬಾಯಲ್ಲಿದ್ದ ಮೂಲಂಗಿ ಅಲ್ಲೇ ಉಳಿಯಿತು. ಮೂರು ವರ್ಷ ಅವಮಾನವೆಂದು ಎದೆಯಲ್ಲಿಟ್ಟುಕೊಂಡಿದ್ದುದು ಅವಮಾನವೇ ಆಗಿರಲಿಲ್ಲ.

*

ಕೊನೆಗೆ ಮಿನೆಕೊಳ ಮನೆಯಲ್ಲಿ ಅವನು ಹಾಡುವಾಗ ಅವಳು ಕಣ್ಣು ಮುಚ್ಚಲಿಲ್ಲ. ಅವನ ಬೆನ್ನನ್ನು ನೋಡುತ್ತಾ ಕೂತಳು. ಟೀ ಕೊಟ್ಟಳು. ಅವನು ಒಂದು ಗುಟುಕು ಕುಡಿದ ಮೇಲೆ ಹೇಳಿಬಿಟ್ಟಳು.

"ಅಣ್ಣ ದೇವರಗೂಡು ತಗೊಂಡ್ ಹೋಗ್ತಿದಾನೆ, ಇಪ್ಪತ್ತೊಂಬತ್ತಕ್ಕೆ. ಇನ್ಮೇಲೆ ಅಪ್ಪನ ತಿಥಿ ಸಪ್ಪೊರೊದಲ್ಲೇ."

ಅವನು ಲೋಟವನ್ನು ಚಾಪೆಯ ಮೇಲಿಟ್ಟು, "ಹಿರಿಮಗ... ಸರಿನೇ ಅಲ್ವಾ," ಎಂದ.

ಅಷ್ಟೇ. ಅವಳು ಅಂಗಡಿಗೆ ಹೋಗಿ ಬ್ಯಾಟರಿ ಕೂರಿಸಿದಳು. ಮೊದಲು ಕೆಂಪು ತಂತಿ, ಆಮೇಲೆ ಕಪ್ಪು. ಬಟನ್ ಒತ್ತಿದ ಕೂಡಲೇ ಇಂಜಿನ್ ಒಮ್ಮೆ ತಡವರಿಸಿ, ಹಾಡಿಕೊಂಡು ಎದ್ದಿತು. ಎಶುನ್ ತಲೆಬಾಗಿ ವಂದಿಸಿದ. ಕೆಂಪು ದೀಪ ಇಳಿಜಾರು ಹತ್ತಿ ಗುಡಿಯ ತಿರುವಿನಲ್ಲಿ ಮರೆಯಾಗುವವರೆಗೂ ಅವಳು ನಿಂತಿದ್ದಳು. ಅಜ್ಜಿ ಹೇಳಿದ್ದು ನಿಜವೇ ಎಂದು ಅವನನ್ನೇ ಕೇಳಿಬಿಡಬೇಕಿತ್ತು ಎನ್ನುವುದು ಆಗ ಹೊಳೆಯಿತು.

ಇಪ್ಪತ್ತೊಂಬತ್ತಕ್ಕೆ ಅವನು ಬಂದು ಗೂಡನ್ನು ಬೀಳ್ಕೊಡುವ ಪದ್ಯ ಹಾಡಿದ. ಅಣ್ಣ ಪಕ್ಕದಲ್ಲೇ ಇದ್ದ. ಮಾತಾಡಲು ಆಗಲಿಲ್ಲ. ಗೂಡಿದ್ದ ಜಾಗದಲ್ಲಿ ಬೆಳಕು ತಾಗದ ಹುಲ್ಲಿನ ಚಾಪೆ ಮಾತ್ರ ಹಸುರಾಗಿ, ಹೊಸದರಂತೆ ಉಳಿಯಿತು.

ಮೇ ಹದಿನಾಲ್ಕು ಬಂತು. ಬರುವುದಿಲ್ಲ ಎಂದು ಗೊತ್ತಿದ್ದೂ ಮಿನೆಕೊ ನೀರು ಕಾಯಿಸಿದಳು. ಇಳಿಜಾರಿನಲ್ಲಿ ಬೈಕಿನ ಸದ್ದು ಕೇಳಿ ಬಾಗಿಲಿಗೆ ಬಂದಳು. ಅಂಚೆಯವನು. ಆರಕ್ಕೆ ಕೆಟಲ್ ಇಳಿಸಿ, ಇಬ್ಬರಿಗಾಗಿ ಹಾಕಿದ ಟೀಯನ್ನು ಒಬ್ಬಳೇ ಕುಡಿದಳು. ಎರಡನೇ ಲೋಟ ಕಹಿಯಾಗಿತ್ತು.

ಮೂರು ದಿನದ ಮೇಲೆ, ಮಟಮಟ ಮಧ್ಯಾಹ್ನ, ಅವಳು ಯಾರದೋ ಮೊಪೆಡ್ಡಿನ ಚೈನಿಗೆ ಎಣ್ಣೆ ಬಿಡುತ್ತಿದ್ದಾಗ ಅಂಗಡಿಯ ಮುಂದೆ ಬೈಕು ನಿಂತಿತು. ನಿಲುವಂಗಿ ಇಲ್ಲ. ನೀಲಿ ಸ್ವೆಟರಿನ ಎಶುನನನ್ನು ಗುರುತಿಸಲು ಅವಳಿಗೆ ಒಂದು ಕ್ಷಣ ಹಿಡಿಯಿತು.

"ಮತ್ತೆ ಬ್ಯಾಟರಿನಾ?" ಎಂದಳು.

"ಬೈಕು ಚೆನ್ನಾಗಿದೆ."

"ಹದಿನಾಲ್ಕಕ್ಕೆ ಬರ್ಲಿಲ್ಲ ನೀವು."

"ಹದಿನಾಲ್ಕು ನಿಮ್ಮಪ್ಪಂದು. ಮೂರು ವರ್ಷ ಅವರ ಹೆಸರು ಹೇಳ್ಕೊಂಡು ಬಂದೆ. ಅರ್ಚಕನಾದವನು ಮಾಡೋ ಕೆಲಸ ಅಲ್ಲ ಅದು, ಮಿನೆಕೊ. ಪದ್ಯ ಅವರಿಗೆ, ಕಿವಿ ಮಾತ್ರ ಹಿಂದೆ ನೀವು ಲೋಟ ಇಡೋ ಸದ್ದಿಗೆ." ಅವನು ಹೆಲ್ಮೆಟನ್ನು ಕೈಯಲ್ಲಿ ತಿರುಗಿಸಿದ. "ಊರಿನ ತಿಥಿ ಪಟ್ಟಿ ಪೂರ್ತಿ ನೋಡಿದೆ. ನೂರಿಪ್ಪತ್ತು ಮನೆ. ಒಂದರಿಂದ ಮೂವತ್ತೊಂದರ ತನಕ, ಹದಿನೇಳಕ್ಕೆ ಮಾತ್ರ ಯಾರ ಮನೇಲೂ ಯಾರೂ ತೀರ್ಕೊಂಡಿಲ್ಲ. ಅದಕ್ಕೆ ಇವತ್ತಿನ ತನಕ ಕಾದೆ."

ಎಣ್ಣೆಯ ಡಬ್ಬಿ ಅವಳ ಕೈಯಲ್ಲಿ ವಾಲಿ ತೊಟ್ಟಿಕ್ಕುತ್ತಿತ್ತು. ಅವಳಿಗೆ ಅದು ಕಾಣಲಿಲ್ಲ.

"ಯಾರಿಗೂ ಹಾಡೋದಿಲ್ಲ ಅಂದ್ರೆ, ಇವತ್ತು ಯಾತಕ್ಕೆ ಬಂದ್ರಿ?"

"ನಿಮ್ಮನ್ನ ಕೇಳಕ್ಕೆ. ಮೂವತ್ತು ವರ್ಷದ ಹಿಂದೆನೇ ಕೇಳ್ಬೇಕಿತ್ತು. ಕ್ಯೋಟೊದಿಂದ ಬಂದ ಮೇಲೆ ಕೇಳೋಣ ಅನ್ಕೊಂಡೆ, ಪೆದ್ದ ನಾನು." ಕಿವಿಗಳು ಅಜ್ಜಿ ಹೇಳಿದಷ್ಟೇ ಕೆಂಪಾಗಿದ್ದವು. "ನನ್ನ ಜೊತೆ ಇರ್ತೀರಾ?"

"ಅಂಗಡಿ ಬಿಡಲ್ಲ ನಾನು."

"ಬಿಡಿ ಅಂದ್ನಾ?"

"ಗುಡಿಗೆ ಬಂದೋರಿಗೆಲ್ಲ ಗ್ರೀಸ್ ಕೈಯಲ್ಲೇ ಟೀ ಕೊಡ್ತೀನಿ."

"ಅವರ ಬೈಕೂ ನೋಡಿ ಕಳ್ಸಿ."

ಮಿನೆಕೊ ನಕ್ಕಳು, ನಗುನಗುತ್ತಲೇ ಅತ್ತಳು. ಕಣ್ಣೊರೆಸಿಕೊಂಡಲ್ಲಿ ಕೆನ್ನೆಯ ಮೇಲೆ ಕಪ್ಪು ಗೆರೆ ಮೂಡಿತು. ಅವನು ಸ್ವೆಟರಿನ ತೋಳನ್ನು ಎಳೆದು ಅದನ್ನು ಒರೆಸಲು ಹೋದ. ಗೆರೆ ಇನ್ನಷ್ಟು ಹರಡಿತು. ಇಬ್ಬರೂ ಅದನ್ನು ಹಾಗೆಯೇ ಬಿಟ್ಟರು.

ಬೀದಿಯ ಆಚೆ ಮೀನಿನಂಗಡಿಯವಳು ಕತ್ತಿ ಎತ್ತಿದವಳು ಎತ್ತಿದ ಹಾಗೆಯೇ ನೋಡುತ್ತಿದ್ದಳು. ಸಂಜೆಯೊಳಗೆ ನೂರಿಪ್ಪತ್ತು ಮನೆಗೂ ಸುದ್ದಿ ಮುಟ್ಟುತ್ತದೆ. ಮುಟ್ಟಲಿ.

"ನೀರು ಕಾಯಿಸ್ತೀನಿ," ಎಂದಳು ಮಿನೆಕೊ. ಹಗಲು ಹನ್ನೆರಡೂವರೆಗೆ, ಅಪ್ಪನ ಕಾಲದಿಂದಲೂ ಎಂದೂ ಇಳಿಯದ ಹೊತ್ತಿನಲ್ಲಿ, ಎರಡೂ ಕೈಗಳಿಂದ ಅಂಗಡಿಯ ಶಟರ್ ಎಳೆದಳು.