ಹಳದಿ-ಕುಂಕಕ್ಕೆ ಬಿಳಿ ಚೀಲ

ಗಂಗುಬಾಯಿ ಕಾಕು ಚೀಲವನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದಳು. ಹಿಂದೆ ಮುಂದೆ ತಿರುಗಿಸಿ ನೋಡಿದಳು. ಮತ್ತೆ ಇದ್ದಲ್ಲೇ ಇಟ್ಟುಬಿಟ್ಟಳು.

“ಭಕ್ತಿ, ಇದನ್ನ ವಾಣ ಕೊಡಾಕಿ ಏನು? ಹಳದಿ-ಕುಂಕಕ್ಕ ಬಂದ ಮುತ್ತೈದೇರ ಕೈಯಾಗ ಬಿಳೀ ಅರಬಿ ಇಡ್ತಿ?”

ಮೃಣಾಲಳ ಮಮ್ಮಿ ಭಕ್ತಿಯ ಕೈ ಹೊಲಿಗೆ ಮಷಿನ್ನಿನ ಮೇಲೆ ಹಾಗೇ ನಿಂತಿತು. ಪಕ್ಕದಲ್ಲಿ ದಾರ ಕತ್ತರಿಸುತ್ತಿದ್ದ ಮೃಣಾಲ ಬಾಯಿ ತೆರೆದು ನೋಡಿದಳು. ಪಕ್ಕದ ಮನೆಯ ಕಾಕು ಮಾತ್ರ ಹೇಳುವುದನ್ನು ಹೇಳಿ, ಕೇಳಲು ಬಂದಿದ್ದ ಸಕ್ಕರೆ ತೆಗೆದುಕೊಂಡು ಹೊರಟೇಹೋದಳು.

ಹಳದಿ-ಕುಂಕು ಮರುದಿನ ಸಂಜೆಯೇ ಇತ್ತು. ಸಂಕ್ರಾಂತಿ ಬಂತೆಂದರೆ ಮಹಾರಾಷ್ಟ್ರದ ಇಚಲಕರಂಜಿಯ ಅವರ ಗಲ್ಲಿಯಲ್ಲಿ ಹೆಂಗಸರು ಒಬ್ಬರ ಮನೆಗೆ ಒಬ್ಬರು ಹೋಗುತ್ತಾರೆ. ಹಣೆಗೆ ಅರಿಸಿನ, ಕುಂಕುಮ. ಕೈಗೆ ಎಳ್ಳುಬೆಲ್ಲ. ಜೊತೆಗೊಂದು ಉಡುಗೊರೆ, ಅದೇ ವಾಣ. ಹೋದ ವರ್ಷ ಎಲ್ಲ ಮನೆಗಳಲ್ಲೂ ಕೊಟ್ಟದ್ದು ಪ್ಲಾಸ್ಟಿಕ್ಕೇ. ಡಬ್ಬಿ, ಬುಟ್ಟಿ, ಬಟ್ಟಲು. ಅರ್ಧಕ್ಕೆ ಮುಚ್ಚಳವೇ ಕೂಡುತ್ತಿರಲಿಲ್ಲ, ಉಳಿದರ್ಧ ಬೇಸಿಗೆಯೊಳಗೆ ಸೀಳಿ ಕಸದ ಗಾಡಿ ಹತ್ತಿದವು.

ಈ ಸಲ ಮಮ್ಮಿ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಬಟ್ಟಲಿಗೆ ಆರ್ಡರ್ ಕೊಡುವವಳಿದ್ದಳು. ಮೃಣಾಲಳೇ ಹಟ ಹಿಡಿದು ತಪ್ಪಿಸಿದ್ದಳು. “ಪಪ್ಪಾನ ಲೂಮಿನಾಗ ಡ್ಯಾಮೇಜ್ ತುಕಡಿ ಅಷ್ಟು ಬಿದ್ದಾವು. ಚೀಲ ಹೊಲದು ಕೊಡೋಣು. ಮಂದಿ ಕ್ಯಾರಿಬ್ಯಾಗ್ ಬಿಡ್ತಾರ,” ಎಂದು ಬೆನ್ನು ಬಿದ್ದಿದ್ದಳು. ಕಡೆಗೆ ಮಮ್ಮಿ ಒಪ್ಪಿದ್ದಳು.

ಬಟ್ಟೆ ಬಿಳಿಯದು ಎನ್ನುವುದು ಯಾರ ತಲೆಗೂ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ಪಪ್ಪಾನ ಮಗ್ಗಗಳಲ್ಲಿ ಹಗಲಿರುಳು ನೇಯುವುದು ಬಿಳಿ ಬಟ್ಟೆಯೇ. ಈ ಮನೆಯಲ್ಲಿ ಬಿಳಿ ಅಂದರೆ ಬಣ್ಣವಲ್ಲ, ಮಾಲು. ಹೊರಗಿನವರಿಗೆ ಮಾತ್ರ ಅದು ಬೇರೆಯೇ ಕಾಣುತ್ತದೆ. ಮಂಗಳ ಕಾರ್ಯಕ್ಕೆ ಯಾರೂ ಬಿಳಿ ಬಟ್ಟೆ ಕೊಡುವುದಿಲ್ಲ.

“ಎಲ್ಲಾರ ಮುಂದ ನನ್ನ ಮಾನ ಹೋಗ್ತಿತ್ತು,” ಎಂದು ಮಮ್ಮಿ ಫೋನ್ ಕೈಗೆತ್ತಿಕೊಂಡಳು. “ಪಪ್ಪಾಗ ಹೇಳ್ತೀನಿ. ಬರೂವಾಗ ಆ ಬಟ್ಟಲಾನ ತರ್ಲಿ.”

ಮೃಣಾಲ ಕತ್ತರಿ ಕೆಳಗಿಟ್ಟಳು. ಇಷ್ಟು ದಿನ ಹೊಲಿದದ್ದೆಲ್ಲ ವ್ಯರ್ಥ. ನಾಳೆ ತಾನೇ ಕೈಯಾರೆ ಪ್ಲಾಸ್ಟಿಕ್ ಬಟ್ಟಲು ಹಂಚಬೇಕು. “ಒಂದ ತಾಸು ತಡಿ ಮಮ್ಮಿ, ಒಂದ ತಾಸು,” ಎಂದು ಮಮ್ಮಿಯ ಕೈ ಹಿಡಿದುಕೊಂಡಳು.

ಒಳಗಿನಿಂದ ಅಜ್ಜಿ ಮಾಣಿಕಬಾಯಿಯ ದನಿ ಬಂತು. ಮೃಣಾಲ ಅವಳನ್ನು ಆಯಿ ಎಂದೇ ಕರೆಯುತ್ತಿದ್ದಳು.

“ಬಿಳೀದು ಬ್ಯಾಡಾದ್ರ ಹಳದಿ ಮಾಡ್ರಿ. ಡಬ್ಬಿ ತುಂಬ ಅರಿಷಿಣ ಐತಿ.”

ಮೃಣಾಲ ಒಂದೇ ಜಿಗಿತಕ್ಕೆ ಅಡಿಗೆಮನೆಯಲ್ಲಿದ್ದಳು.

ದೊಡ್ಡ ಪಾತೇಲಿಯಲ್ಲಿ ಅರಿಸಿನದ ನೀರು ಕುದಿಯಿತು. ಮೊದಲ ಚೀಲ ಅದ್ದಿದರು. ಎತ್ತಿ ನೋಡಿದರೆ ಒಂದು ಕಡೆ ಹಳದಿ, ಒಂದು ಕಡೆ ಬಿಳಿ, ನಡುವೆ ನಕಾಶೆಯಂಥ ಕಲೆಗಳು. ಮಮ್ಮಿ ಮತ್ತೆ ಫೋನಿನ ಕಡೆ ನೋಡಿದಳು.

ಅಷ್ಟರಲ್ಲಿ ಪಪ್ಪಾ ಭಾವುಸಾಹೇಬ ಊಟಕ್ಕೆ ಬಂದ. ಚೀಲ ನೋಡಿ ಹೊಟ್ಟೆ ಹಿಡಿದು ನಕ್ಕ.

“ಲೂಮಿನ ಮಂದಿ ಆಗಿ ಇಷ್ಟು ತಿಳೀಲಿಲ್ಲೇನು? ನೂಲಿಗೆ ಗಂಜಿ ಹಚ್ಚಿರತಾರ. ಗಂಜಿ ಹೋಗೂತನಕ ಬಣ್ಣ ಹೆಂಗ ಹಿಡಿತೈತಿ? ಮೊದಲ ಸೋಡಾ ಹಾಕಿ ಕುದಸ್ರಿ.”

“ಹಂಗಾರ ನೀವೂ ಬರ್ರಿ ಪಪ್ಪಾ,” ಎಂದು ಮೃಣಾಲ ಅವನ ಅಂಗಿಯ ತೋಳು ಮಡಚಿಯೇಬಿಟ್ಟಳು.

ಆಮೇಲೆ ಮನೆಯೊಳಗೆ ಯಾರಿಗೂ ನಿಂತಲ್ಲಿ ನಿಲ್ಲಲು ಪುರುಸೊತ್ತಿರಲಿಲ್ಲ. ಪಪ್ಪಾ ಕುದಿಸಿದ, ಮಮ್ಮಿ ಹಿಂಡಿದಳು, ಮೃಣಾಲ ಅರಿಸಿನದಲ್ಲಿ ಅದ್ದಿದಳು. ಆಯಿ ಬಾಗಿಲ ಬಳಿ ಮಣೆ ಹಾಕಿಕೊಂಡು ಕೂತು, ಇನ್ನಷ್ಟು ಅರಿಷಿಣ ಹಾಕ್ರಿ, ಬೆಂಕಿ ಸಣ್ಣ ಮಾಡ್ರಿ ಎಂದು ಹೇಳುತ್ತಲೇ ಇದ್ದಳು.

“ನೀನೂ ಒಂದ ಅದ್ದ ಆಯಿ. ಭಾರಿ ಮಜಾ ಐತಿ,” ಎಂದಳು ಮೃಣಾಲ.

“ನನ್ನ ಕೈ ಬ್ಯಾಡ ಕೂಸ. ನೀವ ಮಾಡ್ರಿ,” ಎಂದು ಆಯಿ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಏಕೆಂದು ಕೇಳುವಷ್ಟು ವ್ಯವಧಾನ ಮೃಣಾಲಳಿಗೆ ಇರಲಿಲ್ಲ. ಕೈಯಲ್ಲಿದ್ದ ಚೀಲ ಬಂಗಾರದಂತೆ ಹಳದಿಯಾಗುತ್ತಿತ್ತು.

ಮರುದಿನ ಮಧ್ಯಾಹ್ನ ತಾರಸಿಯ ತಂತಿಯ ಮೇಲೆ ಚೀಲಗಳು ಒಣಗಿ ಗರಿಗರಿಯಾಗಿದ್ದವು. ಮಡಚುವಾಗ ಮೃಣಾಲಳ ಬೆರಳು ಒಂದು ಚೀಲಕ್ಕೆ ತಾಗಿತು. ಅಲ್ಲಿ ಕೆಂಪು ಕಲೆ. ಚೀಲ ಕೆಟ್ಟಿತೆಂದುಕೊಂಡಳು. ಆಮೇಲೆ ನೆನಪಾಯಿತು, ಈಗಷ್ಟೇ ಆಯಿಗೆ ವೀಳ್ಯದೆಲೆಗೆ ಸುಣ್ಣ ಹಚ್ಚಿ ಕೊಟ್ಟು ಬಂದಿದ್ದಳು. ಇನ್ನೊಮ್ಮೆ ಬೇಕೆಂದೇ ಒತ್ತಿ ನೋಡಿದಳು. ಅರಿಸಿನಕ್ಕೆ ಸುಣ್ಣ ತಾಗಿ ಮತ್ತೊಂದು ಕೆಂಪು ಬೊಟ್ಟು.

“ಮಮ್ಮಿ, ಓಡಿ ಬಾ. ಕುಂಕು ಮೂಡೈತಿ.”

ಮಮ್ಮಿ ನೋಡಿದಳು, ತಾನೂ ಬೆರಳಿಗೆ ಸುಣ್ಣ ಹಚ್ಚಿಕೊಂಡಳು. ಹಳದಿ ಚೀಲ, ನಟ್ಟನಡುವೆ ಕೆಂಪು ಬೊಟ್ಟು. ಇಬ್ಬರೂ ನಗುತ್ತ ನಗುತ್ತ ಎಲ್ಲ ಚೀಲಗಳಿಗೂ ಕುಂಕುಮ ಇಟ್ಟರು.

ಜೈನರ ಮನೆ, ಹೊತ್ತು ಮುಳುಗುವುದರೊಳಗೆ ತಿನ್ನುವುದು ಕುಡಿಯುವುದು ಮುಗಿಯಬೇಕು. ಹಾಗಾಗಿ ಹೆಂಗಸರು ಬೇಗನೇ ಬಂದರು. ಎಲ್ಲರಿಗಿಂತ ಮುಂದೆ ಗಂಗುಬಾಯಿ ಕಾಕು. ಮಮ್ಮಿ ಚೀಲ ಕೊಟ್ಟಾಗ ಮೃಣಾಲ ಉಸಿರು ಬಿಗಿಹಿಡಿದು ನಿಂತಳು. ಕಾಕು ಈ ಸಲವೂ ಹಿಂದೆ ಮುಂದೆ ತಿರುಗಿಸಿದಳು.

“ನಿನ್ನೀದ ಬಿಳೀ ಚೀಲ ಏನಿದು?”

“ಅದ ರೀ ಕಾಕು. ಮೊದಲ ಒಂದೆರಡ ಸರ್ತಿ ಬ್ಯಾರೆ ತೊಳೀರಿ, ಬಣ್ಣ ಬಿಡತೈತಿ,” ಎಂದಳು ಮೃಣಾಲ.

ಕಾಕು ಅಲ್ಲೇ ಚೀಲದ ಬಾಯಿ ಬಿಡಿಸಿದಳು. ತನ್ನ ಪರ್ಸು, ಫೋನು, ಎಳ್ಳುಬೆಲ್ಲದ ಪೊಟ್ಟಣ ಎಲ್ಲವನ್ನೂ ಚೀಲಕ್ಕೆ ಹಾಕಿ ಹೆಗಲಿಗೆ ಏರಿಸಿಕೊಂಡಳು. “ನಮ್ಮ ಮನ್ಯಾಗ ಸೊಸಿಗೂ ಒಂದ ಬೇಕು,” ಎಂದಳು. ಸುತ್ತಲಿದ್ದವರೆಲ್ಲ ನಕ್ಕರು. ಮಮ್ಮಿಯ ಮುಖ ಅರಳಿತು. ಮೃಣಾಲಳಿಗಂತೂ ಕುಣಿಯಬೇಕು ಎನ್ನಿಸಿತು. ಈ ಸಂತೋಷವನ್ನು ಮೊದಲು ಆಯಿಗೆ ಹೇಳಬೇಕೆಂದು ಒಳಗೆ ಓಡಿದಳು.

ಆಯಿ ಹಿಂದಿನ ಕೋಣೆಯಲ್ಲಿ ಒಬ್ಬಳೇ ಕೂತಿದ್ದಳು. ಬಾಗಿಲನ್ನು ಅರ್ಧ ಮುಚ್ಚಿಕೊಂಡಿದ್ದಳು.

“ಹೊರಗ ಬಾ ಆಯಿ. ಎಲ್ಲಾರೂ ಚೀಲ ಚಂದ ಅನ್ನಾಕತ್ತಾರ.”

“ಹಳದಿ-ಕುಂಕದಾಗ ನಾ ಬರೂಹಂಗಿಲ್ಲ. ನಿಮ್ಮ ಅಜ್ಜ ಹೋದಮ್ಯಾಲೆ ನನಗೆಲ್ಲೀ ಕುಂಕು, ನನಗೆಲ್ಲೀ ವಾಣ. ನೀ ಹೋಗು.”

ಮೃಣಾಲ ಹೋಗಲಿಲ್ಲ. ‘ನನ್ನ ಕೈ ಬ್ಯಾಡ’ ಎಂದದ್ದು ಏಕೆಂದು ಈಗ ತಿಳಿಯಿತು. ನಿನ್ನೆ ಆಯಿ ಸೆರಗಿನೊಳಗೆ ಎಳೆದುಕೊಂಡ ಕೈಗಳನ್ನೇ ನೋಡಿದಳು. ಆ ಬೆರಳುಗಳಲ್ಲಿ ಗೆರೆಗೆರೆ ಗಾಯದ ಗುರುತು. ವಾರ ವಾರ ಸಂತೆಗೆ ಹೋಗುವವಳು ಆಯಿ. ಬದನೆಕಾಯಿಗೊಂದು, ಮೆಂತೆಗೊಂದು, ಟೊಮೆಟೊಗೊಂದು ಕ್ಯಾರಿಬ್ಯಾಗ್, ಹಿಡಿ ಕೊಯ್ಯುವಂತೆ ಬೆರಳಿಗೆ ಸಿಕ್ಕಿಸಿಕೊಂಡು ಬಿಸಿಲಲ್ಲಿ ನಡೆದು ಬರುವವಳೂ ಅವಳೇ. ಗಲ್ಲಿಯ ಹೆಂಗಸರಿಗೆಲ್ಲ ಚೀಲ ಹೊಲಿದದ್ದಾಯಿತು, ಆಯಿಯನ್ನು ಯಾರೂ ಎಣಿಸಿರಲೇ ಇಲ್ಲ. ತಾನೂ ಎಣಿಸಿರಲಿಲ್ಲ. ಮೃಣಾಲಳಿಗೆ ಅಳು ಬಂದಂತಾಯಿತು.

ಹೊರಗೆ ಹೋಗಿ, ಉಳಿದ ಚೀಲಗಳ ಗಂಟಿನಿಂದ ಒಂದು ಚೀಲ ತೆಗೆದುಕೊಂಡು ಬಂದಳು. ಮಮ್ಮಿ ನೋಡಿದಳು, ಬೇಡ ಎನ್ನಲಿಲ್ಲ. ಅವಳ ಹಿಂದೆಯೇ ಎದ್ದು ಬಂದಳು.

“ಇದು ವಾಣ ಅಲ್ಲ ಆಯಿ. ಸಂತೀ ಚೀಲ,” ಎಂದಳು ಮೃಣಾಲ.

ಆಯಿ ಸೊಸೆಯ ಮುಖ ನೋಡಿದಳು. ಮಮ್ಮಿ ಬಾಗಿಲನ್ನು ಪೂರ್ತಿ ತೆರೆದಳು.

“ತಗೋರಿ ಅತ್ಯಾರ. ಮೊದಲ ನಿಮಗ ಕೊಡಬೇಕಿತ್ತು.”

ಆಯಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಅಂಚನ್ನು ಮೆಲ್ಲಗೆ ಸವರಿದಳು. ಬಹಳ ಹೊತ್ತು ಸವರುತ್ತಲೇ ಇದ್ದಳು.

ಹೊರಗಿನಿಂದ ಯಾರೋ ಮೃಣಾಲಳನ್ನು ಕೂಗಿದರು. “ಬಂದ್ನಿರೀ,” ಎಂದಳು ಅವಳು, ಆದರೆ ಹೋಗಲಿಲ್ಲ. ಆಯಿಯ ಪಕ್ಕದಲ್ಲೇ, ಅವಳಿಗೆ ತಾಗಿಕೊಂಡು ಕೂತಳು.